ನಲವತ್ತೊಂದರ ಹಸಿವು

ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಪಟ್ಟಿಯ ಒಳಮೈಯನ್ನು ಮೇಲಿನಿಂದ ಕೆಳಕ್ಕೆ ಒರೆಸಿದೆ. ಅಡ್ಡಡ್ಡ ಒರೆಸಿದರೆ ಅದರೊಳಗಿನ ಕೂದಲೆಳೆಯಂಥ ತಂತಿಗಳು ಮೇಲೇಳುತ್ತವೆ. ಹಿಂದಿನ ವಾರದ ವೈದ್ಯರ ಹೊಟ್ಟೆಗೆ ಹಚ್ಚಿದ್ದ ಅಂಟು ಒಣಗಿ ಗಂಜಿಯ ಕೆನೆಯಂತೆ ಹಿಡಿದುಕೊಂಡಿತ್ತು. ಉಗುರು ತಾಗದಂತೆ ಅದನ್ನು ಬಿಡಿಸಿ, ಪಟ್ಟಿಯನ್ನು ಗಾಳಿಗೆ ಹಿಡಿದು, ಅದರ ಸಂಖ್ಯೆ ಬರೆದ ಮೊಳೆಗೆ ನೇತುಹಾಕಿದೆ. ಮುಂದಿನದನ್ನು ಎತ್ತಿಕೊಂಡೆ. ಕೋಣೆಯ ಇನ್ನೊಂದು ತುದಿಯಲ್ಲಿ ಲವೀನಾ ಮೇಡಂ ಹೊಸ ತಂಡದ ಹೆಸರುಗಳನ್ನು ನೋಡುತ್ತ ಕೂತಿದ್ದರು. ಕಿಟಕಿಯಾಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಲವತ್ತೊಂದನೆಯ ಪಟ್ಟಿ ಕೈಗೆ ಬಂದಾಗ ಎದ್ದು ಹೋಗಿ ನೀರು ಬದಲಿಸಿಕೊಂಡು ಬಂದೆ.

ಅದು ನಮ್ಮಣ್ಣನ ಪಟ್ಟಿ.

ನಾನು ಕೆಲಸಕ್ಕಿದ್ದುದು ಗದಗಿನ ಹೊರಗೆ, ಮನೋವೈದ್ಯರಿಗೆ ಮರುಪಾಠ ಹೇಳುವ ಕೇಂದ್ರದಲ್ಲಿ. ಹೊಸ ಕಾನೂನಿನ ಪ್ರಕಾರ ಅವರು ಐದು ವರ್ಷಕ್ಕೊಮ್ಮೆ ಇಲ್ಲಿ ಏಳು ದಿನ ಇದ್ದು ಹೋಗಬೇಕು. ಇಲ್ಲದಿದ್ದರೆ ಪರವಾನಗಿ ಮುಂದುವರಿಯುವುದಿಲ್ಲ. ಹಿಂದೆ ಇಂಥ ಪಾಠ ದೊಡ್ಡ ಹೋಟೆಲುಗಳಲ್ಲಿ ನಡೆಯುತ್ತಿತ್ತಂತೆ. ಮನೋರೋಗದ ಕೆಲವು ಗುಳಿಗೆಗಳಿಂದ ಹಸಿವು ಹೆಚ್ಚುತ್ತದೆ, ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತಿದ್ದರು. ವೈದ್ಯರು ಬರೆದುಕೊಂಡು, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಹೋಗುತ್ತಿದ್ದರು. ರೋಗಿಗಳು ಮಾತ್ರ ಎಲ್ಲರಿಗಿಂತ ಬೇಗ ಸಾಯುವುದು ತಪ್ಪಲಿಲ್ಲ. ಆಮೇಲೆ ಈ ಪಟ್ಟಿ ಬಂತು.

ಹೊಟ್ಟೆಯಿಂದ, ಎದೆಯಿಂದ ಮೆದುಳಿಗೆ ಒಂದು ದಪ್ಪ ನರ ಹೋಗುತ್ತದೆ. ಹಸಿವಾಗಿದೆ, ಹೊಟ್ಟೆ ತುಂಬಿತು, ಉಸಿರು ಸಾಲುತ್ತಿಲ್ಲ ಎಂಬ ಸುದ್ದಿಗಳೆಲ್ಲ ಹೋಗುವುದು ಆ ದಾರಿಯಲ್ಲೇ. ರೋಗಿಯೊಬ್ಬ ಏಳು ದಿನ ಹೊಟ್ಟೆಗೆ ಪಟ್ಟಿ ಕಟ್ಟಿ, ಅದರ ಒಂದು ಎಳೆಯನ್ನು ಕೊರಳಿಗೆ ಅಂಟಿಸಿಕೊಂಡರೆ ಆ ಸುದ್ದಿಯೆಲ್ಲ ಅದರಲ್ಲಿ ಉಳಿಯುತ್ತದೆ. ಅದೇ ಪಟ್ಟಿಯನ್ನು ವೈದ್ಯರಿಗೆ ಕಟ್ಟಿದರೆ ಅದು ಅವರ ನರಕ್ಕೆ ಅದೇ ಸುದ್ದಿ ಹೇಳುತ್ತದೆ. ಆಗ ಹೊಟ್ಟೆ ತುಂಬಿದ್ದರೂ ಹಸಿವಾಗುತ್ತದೆ. ಉಸಿರು ಸರಿಯಾಗಿಯೇ ಆಡುತ್ತಿದ್ದರೂ ನಿಂತಿತೆಂದು ಮೆದುಳು ಬೆಚ್ಚಿ ಎಬ್ಬಿಸುತ್ತದೆ. ರೋಗಿಯ ಯೋಚನೆಯಾಗಲಿ ಭಯವಾಗಲಿ ಅದರಲ್ಲಿ ಬರುವುದಿಲ್ಲ, ಬರುವುದು ದೇಹ ಮಾತ್ರ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ನನಗೆ ತಿಳಿಯುವ ಹಾಗೆ ಇದನ್ನೆಲ್ಲ ಹೇಳಿದವರು ಲವೀನಾ ಮೇಡಂ. ಅವರು ಮಂಗಳೂರಿನವರು, ಯಂತ್ರಗಳ ಜವಾಬ್ದಾರಿ ಅವರದು.

ಪಟ್ಟಿಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ವೈದ್ಯರಿಗೂ ತಮ್ಮದೇ ರೋಗಿಯ ಪಟ್ಟಿ ಕಟ್ಟಬಾರದೆಂಬ ನಿಯಮವಿತ್ತು. “ತನ್ನ ರೋಗಿ ಅಂತ ಗೊತ್ತಾದ್ರೆ ಡಾಕ್ಟರು ಕಲಿಯುವುದಿಲ್ಲ, ವಾದ ಮಾಡ್ತಾರೆ” ಎಂದು ಲವೀನಾ ಮೇಡಂ ನಗುತ್ತಿದ್ದರು.

ಅಣ್ಣನ ಹೆಸರು ಬಸಲಿಂಗ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ಯಾರೋ ಮಾತಾಡುವುದು ಕೇಳತೊಡಗಿತು. ಹಾಳೆ ಮಡಿಸುವಾಗ ಮಡಿಕೆಯೊಳಗಿಂದ ಬೈಯುತ್ತಾರೆ ಎನ್ನುತ್ತಿದ್ದ. ಅಪ್ಪ ಆಗಲೇ ತೀರಿಕೊಂಡಿದ್ದ. ಅವ್ವ ಅಂಗಳದಲ್ಲಿ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅವಳು ಒಲೆ ಬಿಟ್ಟು ಏಳುವ ಹಾಗಿರಲಿಲ್ಲ. ಅಣ್ಣನ ಜೊತೆ ಒಬ್ಬರು ಇರಲೇಬೇಕಿತ್ತು. ಅದಕ್ಕೇ ನಾನು ಶಾಲೆ ಬಿಟ್ಟೆ. ಡಾಕ್ಟರ್ ಜಯತೀರ್ಥ ಕಟ್ಟಿಯವರ ಗುಳಿಗೆಯಿಂದ ಎರಡೇ ತಿಂಗಳಲ್ಲಿ ಆ ದನಿಗಳು ನಿಂತವು. ಆ ಉಪಕಾರವನ್ನು ನಾನು ಮರೆತಿಲ್ಲ.

ದನಿಗಳು ಹೋದ ಮೇಲೆ ಹಸಿವು ಬಂತು. ಉಂಡು ಕೈತೊಳೆದು ಬಂದು ಮತ್ತೆ ತಾಟಿನ ಮುಂದೆ ಕೂಡುತ್ತಿದ್ದ. ಖಾನಾವಳಿಗೆಂದು ಕಟ್ಟಿಟ್ಟ ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಮೈ ಬೆಳೆಯಿತು. ಮೊದಮೊದಲು ಅವ್ವನಿಗೆ ಖುಷಿಯೇ ಆಗಿತ್ತು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಕಟ್ಟಿ ಡಾಕ್ಟರು ನನ್ನನ್ನೇ ಬೈದರು. “ಎಷ್ಟ್ ತಿನಸ್ತೀರಿ ಅವಂಗ? ಬಾಯಿಗೆ ಬೀಗ ಹಾಕ್ಲಿಕ್ಕೆ ಆಗೂದಿಲ್ಲ, ಅಡಗೀಮನಿಗೆ ಹಾಕ್ರಿ.” ಅವರು ಚೇಷ್ಟೆಗೆ ಹೇಳಿದ್ದಿರಬೇಕು. ನಾವು ಅದೇ ಸಂಜೆ ಬೀಗ ತಂದೆವು. ಕೀಲಿ ನನ್ನ ಕೊರಳಿಗೆ ಬಂತು.

ಆಸ್ಪತ್ರೆಯಿಂದ ಒಂದು ನೋಟ್‌ಬುಕ್ ಕೊಟ್ಟಿದ್ದರು. ವಾರವಾರ ಅದರಲ್ಲಿ ತೂಕ, ಊಟ, ನಿದ್ದೆ ಬರೆಯಬೇಕು. ತಿಂಗಳಿಗೊಮ್ಮೆ ಹೋದಾಗ ಡಾಕ್ಟರು ಅಣ್ಣನ ಮುಖಕ್ಕಿಂತ ಹೆಚ್ಚು ಹೊತ್ತು ಆ ನೋಟ್‌ಬುಕ್ ನೋಡುತ್ತಿದ್ದರು. ತೂಕ ಒಂದು ಕಿಲೋ ಏರಿದರೂ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. ನನಗೆ ಮೊದಲೇ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ. ಒಂದು ತಿಂಗಳು ತೊಂಬತ್ತೆಂಟು ಇದ್ದದ್ದನ್ನು ತೊಂಬತ್ತು ಎಂದು ಬರೆದೆ. ಅಂದು ಬೈಗುಳ ಇರಲಿಲ್ಲ. “ಶಾಬಾಸ್, ಹಿಂಗ ನೋಡ್ಕೊ” ಎಂದರು. ಮುಂದಿನ ತಿಂಗಳೂ ಹಾಗೆಯೇ ಬರೆದೆ. ಹೀಗೆ ಎರಡು ವರ್ಷವಾಯಿತು. ಅಣ್ಣನ ತೂಕ ನೂರ ಹನ್ನೆರಡು ದಾಟಿತ್ತು. ನೋಟ್‌ಬುಕ್ಕಿನಲ್ಲಿ ತೊಂಬತ್ತೊಂದೇ ಇತ್ತು.

ನಿದ್ದೆಯ ಸಾಲಿನಲ್ಲಿ ನಾನು ಪ್ರತಿ ವಾರ “ಗಾಢ ನಿದ್ದೆ” ಎಂದು ಬರೆಯುತ್ತಿದ್ದೆ. ಅದು ಸುಳ್ಳೆಂದು ಆಗ ತಿಳಿದಿರಲಿಲ್ಲ. ಅಣ್ಣನ ಗೊರಕೆ ಓಣಿಯ ತುದಿಗೆ ಕೇಳುತ್ತಿತ್ತು. ಗೊರಕೆ ನಡುವೆ ನಿಂತು ಒಮ್ಮೆಲೇ ಸಿಡಿದ ಹಾಗೆ ಶುರುವಾದರೆ ರೊಟ್ಟಿ ಬಡಿಯುವ ಹೆಂಗಸರು, “ನಿಮ್ಮ ಬಸಲಿಂಗನ ಇಂಜಿನ್ ಗೇರ್ ಬದಲಿ ಮಾಡ್ತು ನೋಡ” ಎಂದು ನಗುತ್ತಿದ್ದರು. ದನಿಗಳ ಕಾಟಕ್ಕೆ ನಿದ್ದೆಗೆಟ್ಟಿದ್ದವನು ಈಗ ಸುಖವಾಗಿ ಮಲಗುತ್ತಾನೆ ಎಂದೇ ನಾವು ಮನೆಯವರೆಲ್ಲ ತಿಳಿದಿದ್ದೆವು.

ಕೇಂದ್ರಕ್ಕೆ ರೋಗಿಗಳು ಬೇಕಾಗಿ, ಅಣ್ಣ ಏಳು ದಿನ ಪಟ್ಟಿ ಕಟ್ಟಿಕೊಳ್ಳಲು ಬಂದಾಗಲೇ ಅದು ಸುಖದ ನಿದ್ದೆಯಲ್ಲ ಎಂದು ಗೊತ್ತಾದದ್ದು. ಅಣ್ಣ ಬೇರೆ ಯಾರನ್ನೂ ಮೈ ಮುಟ್ಟಗೊಡಲಿಲ್ಲ, ಪಟ್ಟಿಯನ್ನು ನಾನೇ ಕಟ್ಟಿದೆ. ಅದನ್ನು ನೋಡಿ ಲವೀನಾ ಮೇಡಂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ನಿದ್ದೆಯಲ್ಲಿ ಅಣ್ಣನ ಉಸಿರೇ ನಿಲ್ಲುತ್ತಿರುವುದನ್ನು ಗೆರೆಗಳಲ್ಲಿ ನೋಡಿ ಅವರು ಆಸ್ಪತ್ರೆಗೆ ವರದಿಯನ್ನೂ ಕಳಿಸಿದರು. ಮುಂದಿನ ತಿಂಗಳು ನಾನು ಧೈರ್ಯ ಮಾಡಿ, “ಸರ್, ಗೊರಕಿ ಭಾಳ ಹೊಡಿತಾನ್ರಿ” ಎಂದೆ. “ಗೊರಕಿ ಹೊಡೀತಾನ ಅಂದ್ರ ನಿದ್ದಿ ಬರ್ಲಿಕತ್ತದ ಅಂತ ಅರ್ಥ. ಛಲೋ ಆತಲ್ಲ? ನೆಕ್ಸ್ಟ್” ಎಂದರು. ವರದಿ ಅವರ ಮುಂದಿನ ಫೈಲಿನಲ್ಲೇ ಇತ್ತು, ಅದರ ತುದಿ ನನಗೆ ಕಾಣುತ್ತಿತ್ತು. ಅದರಲ್ಲಿ ನಿಜವಾದ ತೂಕವೂ ಇತ್ತು. ಅವರು ಅದನ್ನು ತೆರೆಯಲಿ ಎಂದು ಆಸೆಯಾಯಿತು. ತೆರೆದರೆ ನನ್ನ ಸುಳ್ಳು ಸಿಕ್ಕಿಬೀಳುತ್ತದೆ ಎಂದು ಭಯವೂ ಆಯಿತು. ನಾನು ಎದ್ದು ಬಂದುಬಿಟ್ಟೆ.

ಇದಾಗಿ ನಾಲ್ಕು ತಿಂಗಳಿಗೆ, ಲವೀನಾ ಮೇಡಂ ಓದುತ್ತಿದ್ದ ಹೊಸ ತಂಡದ ಹೆಸರುಗಳಲ್ಲಿ ಡಾಕ್ಟರ್ ಕಟ್ಟಿಯವರದೂ ಇತ್ತು.

ಸೋಮವಾರ ನಾಲ್ವರು ಬಂದರು. ಕಟ್ಟಿ ಸರ್ ಎಲ್ಲರಿಗಿಂತ ಹಿರಿಯರು. ಬಾಗಿಲಲ್ಲಿ ನಿಂತು ಕಬ್ಬಿಣದ ಮಂಚಗಳನ್ನು ನೋಡಿ, “ಈ ವಯಸ್ಸಿನ್ಯಾಗ ನಮ್ಮನ್ನ ಹಾಸ್ಟೆಲಿಗೆ ಹಾಕ್ಯಾರ ನೋಡ್ರಿ” ಎಂದರು. ಬಾಗಲಕೋಟೆಯ ಶ್ರೀದೇವಿ ಹಲಗಲಿ ಮೇಡಂ, “ಪಾಸ್ ಆಗಲಿಲ್ಲ ಅಂದ್ರ ಮತ್ತ ಬರಬೇಕಂತ್ರಿ ಸರ್” ಎಂದು ಹೆದರಿಸಿದರು.

“ಬರೋಣಂತ. ಊಟ ಹೆಂಗದ ನೋಡ್ಕೊಂಡು ಫೇಲ್ ಆಗೂದೋ ಪಾಸ್ ಆಗೂದೋ ಠರಾವ್ ಮಾಡ್ತೀನಿ. ಏನವಾ, ಊಟಕ್ಕ ರೊಟ್ಟಿ ಇರ್ತಾವೇನು?”

“ಇರ್ತಾವ್ರಿ ಸರ್” ಎಂದೆ. ಹಸಿರು ಅಂಗಿ, ಟೊಪ್ಪಿಗೆ ಹಾಕಿಕೊಂಡಿದ್ದೆ. ಎಂಟು ವರ್ಷ ತಿಂಗಳಿಗೊಮ್ಮೆ ನೋಡಿದ ಮುಖ ಅವರಿಗೆ ಗುರುತು ಹತ್ತಲಿಲ್ಲ.

ಕಂಪ್ಯೂಟರ್ ಚೀಟಿ ಎತ್ತಿತು. ಕಟ್ಟಿ ಸರ್‌ಗೆ ಹದಿನೇಳು ಬಂತು. ಅದು ಹಸಿವೇ ಇಲ್ಲದ ಒಬ್ಬ ಮುದುಕಿಯ ಪಟ್ಟಿ. ಹಲಗಲಿ ಮೇಡಂಗೆ ನಲವತ್ತೊಂದು. ನಿಯಂತ್ರಣ ಕೋಣೆಯ ಪರದೆಯಲ್ಲಿ ಮಂಚದ ಸಂಖ್ಯೆ ಮಾತ್ರ ಬರುತ್ತಿತ್ತು. ಯಾವ ಪಟ್ಟಿ ಯಾರ ಹೊಟ್ಟೆಗೆ ಎಂಬುದು ನನ್ನ ಕೈಯಲ್ಲಿತ್ತು. ಕೈ ತಾನಾಗಿ ಹೋಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಅವರ ಹೆಸರು ಕೇಳಿದಾಗಿನಿಂದ ನಾನು ಅದನ್ನೇ ಯೋಚಿಸಿದ್ದೆ. ನನಗೆ ಹೇಳಲು ಬಾರದ್ದನ್ನು ಅಣ್ಣನ ಹೊಟ್ಟೆಯೇ ಹೇಳಲಿ ಎಂದುಕೊಂಡಿದ್ದೆ. ಹದಿನೇಳನ್ನು ಹಲಗಲಿ ಮೇಡಂಗೆ ಕಟ್ಟಿದೆ. ನಲವತ್ತೊಂದನ್ನು ಕಟ್ಟಿ ಸರ್‌ಗೆ ಕಟ್ಟಿದೆ.

ಕೇಂದ್ರದಲ್ಲಿ ಹಗಲನ್ನು ರಾತ್ರಿ ಮಾಡಿದ್ದರು. ಬೆಳಿಗ್ಗೆ ಹತ್ತಕ್ಕೆ ಊಟ ಕೊಟ್ಟು, ಹನ್ನೊಂದಕ್ಕೆ ದಪ್ಪ ಕಪ್ಪು ಪರದೆ ಎಳೆದು ವೈದ್ಯರನ್ನು ಮಲಗಿಸುತ್ತಿದ್ದೆವು. ಸಂಜೆ ಆರಕ್ಕೆ ಎಬ್ಬಿಸುತ್ತಿದ್ದೆವು. ಅವರ ಪಾಠ ಆಮೇಲೆ. ಅವರು ಮಲಗಿದಷ್ಟು ಹೊತ್ತು ನಿಯಂತ್ರಣ ಕೋಣೆಯ ಪರದೆಯ ಮುಂದೆ ಕೂತು, ಉಸಿರಿನ ಗೆರೆ ನೇರವಾದಾಗಲೆಲ್ಲ ಎಷ್ಟು ಸೆಕೆಂಡು ಎಂದು ಬರೆಯುವುದು ನನ್ನ ಕೆಲಸ.

ಎರಡನೆಯ ದಿನ ಕಟ್ಟಿ ಸರ್ ಆರು ರೊಟ್ಟಿ ತಿಂದು, “ಇನ್ನೊಂದಿದ್ರ ನೋಡವಾ” ಎಂದರು. ತಂದುಕೊಟ್ಟೆ. ಮಲಗಿಸುವ ಹೊತ್ತಿಗೆ ಅವರು ಮಂಚದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಚುರಮರಿ ಡಬ್ಬಿಯೊಳಗೆ ಕೈಯಿಟ್ಟು ನಿಂತಿದ್ದರು. ನನ್ನನ್ನು ಕಂಡು ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದರು. ಬೆರಳ ಸಂದಿಯಿಂದ ಚುರಮರಿ ಉದುರಿತು. ನಮ್ಮಣ್ಣ ಹೀಗೆ ಬೆನ್ನ ಹಿಂದೆ ಕೈ ಇಟ್ಟಾಗ ನಾನು ಆ ಕೈ ಹಿಡಿದೆಳೆದು, ಬೆರಳು ಬಿಡಿಸಿ, ಒಮ್ಮೆ ಹೊಡೆದೂ ಇದ್ದೆ. ಈಗ ನೆಲ ನೋಡುತ್ತ ನಿಂತೆ.

“ನಾ ಏನ್ ಆಸೆಬುರುಕ ಅಲ್ಲವಾ” ಎಂದರು ಅವರು, ಮಗುವಿನ ಹಾಗೆ. “ಹೊಟ್ಟಿ ತುಂಬ್ಯದ ಅಂತ ಗೊತ್ತದ. ಕೈ ಇಟ್ ನೋಡಿದ್ರ ಬಿಗಿ ಆಗ್ಯದ. ಆದ್ರ ಒಳಗ ಯಾರೋ ಎರಡು ದಿವಸದಿಂದ ಉಂಡಿಲ್ಲೋ ಅಂತ ಒದರಲಿಕತ್ತಾರ.”

“ತಿನ್ರಿ ಸರ್” ಎಂದೆ. ಅಣ್ಣನಿಗೆ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಅವರ ಮಂಚದ ಉಸಿರಿನ ಗೆರೆ ಇಪ್ಪತ್ತೆರಡು ಸೆಕೆಂಡು ನಿಂತಿತು. ಮತ್ತೆ ಮೂವತ್ತೊಂದು. ಮತ್ತೆ ನಲವತ್ತೆಂಟು. ಪ್ರತಿ ಸಲ ಅವರ ದೇಹ ಬಲೆಗೆ ಬಿದ್ದ ಮೀನಿನ ಹಾಗೆ ಒಮ್ಮೆ ಜಿಗಿದು, ಕಣ್ಣು ಬಿಡದೆ ಎಚ್ಚರವಾಗಿ, ಮತ್ತೆ ಜೋಲುತ್ತಿತ್ತು. ಪಟ್ಟಿಯಲ್ಲಿದ್ದ ಗೆರೆ ಅಣ್ಣನದು. ಮಂಚದ ಮೇಲೆ ಜಿಗಿಯುತ್ತಿದ್ದವರು ಅವರು. ಲವೀನಾ ಮೇಡಂ ಬಂದು ನನ್ನ ಕುರ್ಚಿಯ ಹಿಂದೆ ನಿಂತರು.

“ಇದು ನಾಲ್ಕನೇ ಮಂಚದಲ್ಲಿ ಹೇಗೆ ಬಂತು?”

ನಾನು ಪೆನ್ನು ಕೆಳಗಿಟ್ಟೆ.

“ನನಗೆ ಗೆರೆ ನೋಡಿದ್ರೆ ಗೊತ್ತಾಗ್ತದೆ ಮಾರಾಯ್ತಿ. ನಲವತ್ತೊಂದು ಇದು. ನಿನ್ನ ಅಣ್ಣಂದು. ಎಂತ ಮಾಡಿದ್ದಿ ನೀನು?”

“ಅವರಿಗೆ ಗೊತ್ತಾಗ್ಲಿ ಅಂತ್ರಿ” ಎಂದೆ.

ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಬಿಚ್ಚಿಸುತ್ತಾರೆ, ನನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. “ಈಗ ಮಧ್ಯದಲ್ಲಿ ಬಿಚ್ಚಿದ್ರೆ ಇಬ್ಬರದ್ದೂ ಪಾಠ ಹಾಳಾಗ್ತದೆ. ಏಳು ದಿನ ಆಗ್ಲಿ. ಆಮೇಲೆ ನಾನೇ ಮಾತಾಡ್ತೇನೆ, ಆಯ್ತಾ? ಅಷ್ಟರವರೆಗೆ ನೀನು ಬಾಯಿ ಬಿಡಬೇಡ” ಎಂದರು.

ನನಗೆ ಬಾಯಿ ಬಿಡಬೇಡ ಎಂದು ಹೇಳುವುದು ಸುಲಭ. ಹೂಂ ಎಂದೆ.

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಣ್ಣ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದ. ಎದ್ದು ಒಂದು ತಾಸಾಗಿರಲಿಲ್ಲ, ಆಗಲೇ ಕಣ್ಣು ಎಳೆಯುತ್ತಿದ್ದವು.

“ಏ ಜೈಲರವ್ವ, ಕೈದಿಗೆ ಒಂದ್ ರೊಟ್ಟಿ ಮಂಜೂರ್ ಮಾಡ.”

“ಆಗ್ಲೇ ನಾಕ್ ತಿಂದಿ.”

“ನಾಕ್ ಎಲ್ಲಿ ಹೋದ್ವು ಅಂತ ಹೊಟ್ಟಿನ್ನ ಕೇಳಿದೆ. ಇನ್ನೂ ಬಂದೇ ಇಲ್ಲ ಅಂತೈತಿ.”

ಅಂಗಳದ ಹೆಂಗಸರು ನಕ್ಕರು. ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸದೆ, “ಕೊಡ ಒಂದು. ಹೊರಗ ಹೋಗೋ ಮುಂದ ಅವನ ಮುಖ ಸಣ್ಣದ್ ಮಾಡಬ್ಯಾಡ” ಎಂದಳು.

“ಸಕ್ಕರಿ ಐತಿ ಯವ್ವಾ.”

“ದಾಕ್ಷಾ” ಎಂದ ಅಣ್ಣ. ಈ ಸಲ ಅವನು ನಗುತ್ತಿರಲಿಲ್ಲ. “ಮೊದಲ ಆ ದನಿ ಮಾತಾಡ್ತಿದ್ವು. ನೀವ್ಯಾರೂ ನಂಬಲಿಲ್ಲ, ಆದ್ರ ಡಾಕ್ಟರ್ ನಂಬಿದ್ರು. ಈಗ ಹೊಟ್ಟಿ ಮಾತಾಡಾಕತ್ತೈತಿ. ಇದನ್ನ ಡಾಕ್ಟರೂ ನಂಬವಲ್ರು. ನಾ ಖರೇನ ಹಸಿದೀನೋ, ಸುಳ್ಳ ಹೇಳಾಕತ್ತೀನೋ ಅಂತ ನನಗ ಒಮ್ಮೊಮ್ಮಿ ಸಂಶೆ ಬರ್ತೈತಿ.”

“ಇನ್ನ ನಾಕ್ ದಿನ ತಡಿ ಅಣ್ಣಾ.”

“ನಾಕ್ ದಿನಕ್ಕ ಏನಾಕ್ಕೈತಿ?”

“ಏನೋ ಒಂದ್ ಆಕ್ಕೈತಿ” ಎಂದು ಚಪ್ಪಲಿ ಮೆಟ್ಟಿಕೊಂಡೆ. ರೊಟ್ಟಿ ಕೊಡಲಿಲ್ಲ.

ಗುರುವಾರದ ಸಂಜೆ ವೈದ್ಯರು ತಾವು ಕಟ್ಟಿಕೊಂಡ ಪಟ್ಟಿಯ ಬಗ್ಗೆ ಮಾತಾಡಬೇಕಿತ್ತು. ನಾನು ಚಹಾ ಕೊಡುತ್ತಿದ್ದೆ. ಕಟ್ಟಿ ಸರ್ ಮುಖ ಊದಿತ್ತು. ಏಳು ತಾಸು ಮಲಗಿಯೂ ತಲೆ ಒಡೆಯುತ್ತಿದೆ, ಮೆಟ್ಟಿಲು ಹತ್ತಿದರೆ ಅಳು ಬರುತ್ತದೆ ಎಂದರು. ಆಮೇಲೆ ದನಿ ಏರಿತು.

“ನನಗೊಂದು ಹೇಳ್ರಿ, ಈ ಮನುಷ್ಯಾಗ ಗುಳಿಗಿ ಬರದ ಡಾಕ್ಟರ್ ಯಾವ ಪುಣ್ಯಾತ್ಮ? ಒಮ್ಮೆರ ಟೇಪ್ ಹಿಡದು ಇವನ ಸೊಂಟ ಅಳದಾನೇನು? ನಿದ್ದಿ ಹೆಂಗದ ಅಂತ ಕೇಳ್ಯಾನೇನು? ಇವನಿಗೆ ಮಲಗೋ ಮುಂದ ಉಸಿರಿನ ಯಂತ್ರ ಬೇಕು. ಗುಳಿಗಿ ನಿಧಾನಕ್ಕ ಬದಲಿ ಮಾಡಬೇಕು. ಇದು ಹಿಂಗ ನಡದ್ರ ಒಂದಿನ ಇಂವ ಮಲಗಿದಲ್ಲೇ ಹೋಗ್ತಾನ. ಕಡ್ಡಿ ಮುರದಂಗ ಹೇಳ್ತೀನಿ, ಆ ಡಾಕ್ಟರನ್ನ ಇಲ್ಲಿ ತಂದು ಮಲಗಸ್ರಿ ಮೊದಲ.”

ಎಲ್ಲರೂ ನಕ್ಕರು. ಹಲಗಲಿ ಮೇಡಂ ಚಪ್ಪಾಳೆ ತಟ್ಟಿದರು. ಲವೀನಾ ಮೇಡಂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಬೇಡ ಎಂಬಂತೆ. ಮಲಗಿದಲ್ಲೇ ಹೋಗ್ತಾನ ಎಂಬ ಮಾತು ಕೇಳಿ ನಾನು ಖಾಲಿ ಬಸಿಗಳನ್ನು ಟ್ರೇಗೆ ಎತ್ತಿಕೊಂಡೆ. ಅಂದೇ ಹೇಳಬೇಕಿತ್ತು. ಅಷ್ಟು ಜನರಿದ್ದರು. ಟ್ರೇ ಹಿಡಿದುಕೊಂಡು ಒಳಗೆ ಹೋದೆ.

ಶುಕ್ರವಾರ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಎಲ್ಲರೂ ಮಲಗಿದ ಮೇಲೆ ಪರದೆಯ ಮುಂದೆ ಕೂತೆ. ಒಂದೂವರೆಗೆ ನಾಲ್ಕನೆಯ ಮಂಚದ ಗೆರೆ ಐವತ್ತೈದು ಸೆಕೆಂಡು ನಿಂತಿತು. ಕಟ್ಟಿ ಸರ್ ಪೂರ್ತಿ ಎಚ್ಚರವಾಗಿ ಎದ್ದು ಕೂತು, ಕೊರಳಿಗೆ ಕೈ ಹಾಕಿ ಏದುಸಿರು ಬಿಡತೊಡಗಿದರು. ನಾನು ನೀರನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಓಡಿ, ಮಂಚದ ಬಳಿಯ ದೀಪ ಹಾಕಿದೆ. ಅವರು ಕುಡಿದು, ಲೋಟ ಕೊಟ್ಟು, “ಎಷ್ಟನೇದವಾ ಇದು?” ಎಂದರು.

“ಈ ತಾಸಿನಾಗ ಮೂವತ್ತೆಂಟನೇದ್ರಿ.” ಆಮೇಲೆ ನಾನು ನೋಟ್‌ಬುಕ್ಕನ್ನು ಹಾಸಿಗೆಯ ಮೇಲಿಟ್ಟೆ. “ಸರ್, ಇದು ನಮ್ಮಣ್ಣಂದು. ಬಸಲಿಂಗ. ನಿಮ್ಮ ಪೇಶಂಟ್ ರಿ.”

ಅವರು ತಮ್ಮದೇ ಆಸ್ಪತ್ರೆಯ ಮುದ್ರೆಯಿದ್ದ ರಟ್ಟನ್ನು ನೋಡಿದರು. ತೆರೆದರು. ಪುಟದ ಕೆಳಗೆಲ್ಲ ಅವರದೇ ಸಹಿ. ನನ್ನ ಮುಖ ನೋಡಿದರು. ಟೊಪ್ಪಿಗೆ ತೆಗೆದೆ.

“ಇದರಾಗ ತೊಂಬತ್ತೊಂದು ಅಂತದ.”

“ಸುಳ್ಳ ಬರದಿದ್ದೆ ರಿ.”

“ಯಾಕ?”

“ನೀವ್ ಬೈತೀರಿ ಅಂತ.”

ಲವೀನಾ ಮೇಡಂ ಹೇಳಿದ್ದ ಹಾಗೆ ಅವರು ವಾದ ಮಾಡಲಿಲ್ಲ. ಹೊಟ್ಟೆಯ ಮೇಲಿನ ಪಟ್ಟಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. ಆಮೇಲೆ ಮಂಚದಿಂದ ಕಾಲು ಇಳಿಸಿ, “ಸೋಮವಾರದ ತನಕ ಕಾಯೂದು ಬ್ಯಾಡ. ಕೇಂದ್ರದ ಗಾಡಿ ತಗೊಂಡು ಈಗ ಹೋಗು. ಈಗಿಂದೀಗ ಕರ್ಕೊಂಡು ಬಾ. ಇವತ್ತಿನ ನಿದ್ದಿ ಅಂವ ಇಲ್ಲೇ, ಯಂತ್ರ ಹಾಕ್ಕೊಂಡು ಮಾಡ್ಲಿ. ನಾ ಆಸ್ಪತ್ರಿಗೆ ಫೋನ್ ಹಚ್ಚತೀನಿ” ಎಂದರು. ಆ ದಪ್ಪ ಕಪ್ಪು ಪರದೆಯನ್ನು ಅವರೇ ಸರಿಸಿದರು. ಬಿಸಿಲು ಒಳಗೆ ಬಂತು.

ಗಾಡಿಯಲ್ಲಿ ನನಗೆ ನಗು ಬರುತ್ತಿತ್ತು. ಯಾರೂ ಬೈಯಲಿಲ್ಲವಲ್ಲ ಎಂದು ಮತ್ತೆ ಮತ್ತೆ ಅನಿಸುತ್ತಿತ್ತು. ಅಣ್ಣನಿಗೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡೆ. ನಿನ್ನ ಹೊಟ್ಟಿ ಮಾತು ಡಾಕ್ಟರಿಗೆ ಕೇಳಿಸ್ತು, ಖರೇ ಐತಿ ಅಂದ್ರು.

ಅಂಗಳದಲ್ಲಿ ರೊಟ್ಟಿಯ ಸದ್ದು ಎಂದಿನಂತೆ ಇತ್ತು. ಗಾಡಿ ಕಂಡು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಇಷ್ಟ್ ಲಗೂ ಬಂದಿ?”

“ಅಣ್ಣನ್ನ ಕರ್ಕೊಂಡ್ ಹೋಗಬೇಕ್ ಯವ್ವಾ. ಡಾಕ್ಟರ್ ಗಾಡಿ ಕಳಿಸ್ಯಾರ.”

“ಸಾವಕಾಶ ಮಾತಾಡ. ಈಗ ಮ್ಯಾಲಿನ ಖೋಲ್ಯಾಗ ಮಲಗ್ಯಾನ. ಇವತ್ತ ಗೊರಕಿ ಸೈತ ಇಲ್ಲ ನೋಡ, ಕೂಸು ಮಲಗಿದಂಗ ಮಲಗ್ಯಾನ. ಎಷ್ಟ್ ದಿನದ ಮ್ಯಾಲ ಛಲೋ ನಿದ್ದಿ ಹತ್ತೈತಿ. ಒಂದ್ ಅರ್ಧ ತಾಸು ಬಿಡ, ಎಬ್ಬಸಬ್ಯಾಡ.”

ಹೆಂಗಸರಲ್ಲೊಬ್ಬಳು, “ಇಂಜಿನ್ ಬಂದ್ ಆಗೇತಿ” ಎಂದು ನಕ್ಕಳು. ಬಡಿಯುವ ಕೈಗಳು ನಡೆಯುತ್ತಲೇ ಇದ್ದವು. ಆ ಸದ್ದಿನ ಹಿಂದೆ ಏನೂ ಇಲ್ಲದ್ದು ನನಗೆ ಕೇಳಿಸಿತು. ಮೆಟ್ಟಿಲ ಮೇಲೆ ನಿಂತು, ಕೆಲಸದ ಅಭ್ಯಾಸದಿಂದ ಎಣಿಸತೊಡಗಿದೆ. ಅರವತ್ತಾಯಿತು. ತೊಂಬತ್ತಾಯಿತು. ನೂರಿಪ್ಪತ್ತರ ಮೇಲೆ ಎಣಿಸಲಿಲ್ಲ.

ಕೇಂದ್ರಕ್ಕೆ ನಾನು ಮತ್ತೆ ಹೋದದ್ದು ಇಪ್ಪತ್ತು ದಿನದ ಮೇಲೆ. ಲವೀನಾ ಮೇಡಂ ಕರೆಕಳಿಸಿದ್ದರು. ನಿಯಂತ್ರಣ ಕೋಣೆಯಲ್ಲಿ ಕಟ್ಟಿ ಸರ್ ಕೂಡ ಇದ್ದರು. ಇಳಿದುಹೋಗಿದ್ದರು, ಅಂಗಿಯ ಕೊರಳು ಸಡಿಲವಾಗಿತ್ತು. ತಾವು ಫೈಲಿನಲ್ಲಿದ್ದ ವರದಿ ತೆರೆಯಲಿಲ್ಲ ಎಂದು ವಿಚಾರಣೆ ಮಾಡುವ ಸಮಿತಿಗೆ ಅವರೇ ಬರೆದುಕೊಟ್ಟಿದ್ದರಂತೆ. ಪಟ್ಟಿ ಬದಲಿಸಿದ್ದು ನನ್ನ ತಪ್ಪಲ್ಲ, ತಮ್ಮದು ಎಂದು ಲವೀನಾ ಮೇಡಂ ಬರೆದುಕೊಟ್ಟಿದ್ದರಂತೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

“ಕೂತ್ಕೊ” ಎಂದರು ಲವೀನಾ ಮೇಡಂ. “ಒಂದು ನಿಯಮ ಉಂಟು. ಕೊಟ್ಟವರು ತೀರಿಹೋದ್ರೆ ಅವರದ್ದು ಅಳಿಸ್ಬೇಕು. ಬೇಡ ಅಂತ ಹೇಳ್ಲಿಕ್ಕೆ ಅವರು ಇರುವುದಿಲ್ಲ ಅಲ್ಲವಾ, ಅದಕ್ಕೆ. ಇವತ್ತು ಅಳಿಸ್ತೇವೆ. ನಿನಗೆ ಹೇಳದೆ ಮಾಡ್ಲಿಕ್ಕೆ ಮನಸ್ಸಾಗ್ಲಿಲ್ಲ.”

ಕಟ್ಟಿ ಸರ್ ನೆಲ ನೋಡುತ್ತಿದ್ದರು. “ಪಟ್ಟಿ ಬಿಚ್ಚಿ ಇಷ್ಟ್ ದಿವಸ ಆತು” ಎಂದರು. “ಆದ್ರ ಇವತ್ತಿಗೂ ಸಂಜಿ ಆದ್ರ ಅವನ ಹಸಿವಿ ಬರ್ತದವಾ. ನನ್ನ ಹಸಿವಿ ಅಲ್ಲ ಅದು, ಗುರುತ ಸಿಗ್ತದ. ಎಲ್ಲಾ ಬಿಟ್ಟು ಎದ್ದು ನಿಂತಗೋತೀನಿ. ತಿನ್ಲೋ ಬ್ಯಾಡೋ ತಿಳಿಯೂದಿಲ್ಲ.”

ಅಣ್ಣನ ಪಟ್ಟಿಯನ್ನು ಕಟ್ಟಿ ಸರ್‌ಗಿಂತ ಮೊದಲು ಐದು ತಿಂಗಳಲ್ಲಿ ಹನ್ನೊಂದು ಮಂದಿ ವೈದ್ಯರು ಕಟ್ಟಿಕೊಂಡಿದ್ದರು. ಎಲ್ಲೆಲ್ಲಿಯೋ ಇರುವ, ಅವನ ಹೆಸರೂ ಗೊತ್ತಿಲ್ಲದ ಹನ್ನೊಂದು ಜನಕ್ಕೆ ಅವನ ಹೊಟ್ಟೆಯೊಳಗೆ ಏನಾಗುತ್ತಿತ್ತು ಎಂದು ಗೊತ್ತು. ಎಂಟು ವರ್ಷ ಅವನ ಪಕ್ಕದಲ್ಲಿದ್ದ ನನಗೆ ಗೊತ್ತಿಲ್ಲ. ಅವನು ಖರೇ ಹೇಳುತ್ತಿದ್ದನೆಂದು ನಾನು ಇನ್ನೊಬ್ಬರ ಮುಖ ನೋಡಿ ತಿಳಿದುಕೊಂಡೆ.

ಪರದೆಯ ಮೇಲೆ ನಲವತ್ತೊಂದು ಎಂದು ಬರೆದಿತ್ತು. ಕೆಳಗೆ ಒಂದು ಸಣ್ಣ ಪ್ರಶ್ನೆ, ಹೌದು, ಇಲ್ಲ. ಲವೀನಾ ಮೇಡಂ ಕೈ ಮೇಜಿನ ಮೇಲೆಯೇ ಇತ್ತು.

“ಮೇಡಂ” ಎಂದೆ. “ಅಳಸೂದಕ್ಕಿಂತ ಮೊದಲ ಒಂದ್ ತಾಸು ಅದನ್ನ ನನಗ ಕಟ್ರಿ.”

ಲವೀನಾ ಮೇಡಂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಟ್ಟಿ ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಒಂದ್ ತಾಸು ಸಾಕ್ರಿ” ಎಂದೆ. “ಕಟ್ರಿ.”